ಸ್ಯಾನ್ ಡಿಯೇಗೊದಿಂದ ಕಾರಿನಲ್ಲಿ ಮೆಕ್ಸಿಕೊಗೆ ಹೋಗಿ ಅದೇ ದಿನ ವಾಪಸ್: ಮೊದಲು ಬರುವ ದಾರಿ ನೋಡಿಕೊಳ್ಳಿ

ಸ್ಯಾನ್ ಡಿಯೇಗೊ ಊರಿನ ಮಧ್ಯದಿಂದ ಐ-5 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ, ಟ್ರಾಫಿಕ್ ಇಲ್ಲದಿದ್ದರೆ, ಅರ್ಧ ಗಂಟೆಯೊಳಗೆ ಮೆಕ್ಸಿಕೊ ಗಡಿ ಸಿಗುತ್ತದೆ. ಇಷ್ಟು ಹತ್ತಿರ ಇದ್ದರೂ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಇರುವ ನಮ್ಮವರಲ್ಲಿ ಎಷ್ಟೋ ಜನ ಆ ಕಡೆ ಹೋಗಿಲ್ಲ. ಯಾಕೆ ಅಂತ ಕೇಳಿದರೆ ಎರಡೇ ಉತ್ತರ. ವೀಸಾಗೆ ಏನಾದರೂ ತೊಂದರೆ ಆದೀತು, ಇಲ್ಲಾ ಆ ಊರಿನಲ್ಲಿ ಏನಾದರೂ ಅಪಾಯ ಆದೀತು. ಎರಡೂ ಸುಳ್ಳು ಭಯ ಅಲ್ಲ. ಆದರೆ ಎರಡಕ್ಕೂ ತಯಾರಿ ಮಾಡಿಕೊಳ್ಳಬಹುದು, ಆ ತಯಾರಿ ಒಂದು ಸಂಜೆಯ ಕೆಲಸ.

ನನ್ನ ಮಾತು ಇಷ್ಟೇ. ವಾಪಸ್ ಬರುವುದನ್ನು ಮೊದಲು ಸರಿ ಮಾಡಿಕೊಳ್ಳಿ, ಹೋಗುವುದನ್ನು ಆಮೇಲೆ ನೋಡೋಣ. ಯಾಕಂದರೆ ಕಾರಿನಲ್ಲಿ ಹೋಗುವಾಗ ಬಹಳ ಸಲ ಯಾರೂ ತಡೆಯುವುದೇ ಇಲ್ಲ. ಅಮೆರಿಕ ಬಿಡುವಾಗ ಪಾಸ್‌ಪೋರ್ಟ್ ನೋಡುವ ಕೌಂಟರ್ ಅಂತ ಒಂದಿಲ್ಲ. ಮೆಕ್ಸಿಕೊ ಕಡೆಯವರು ಹಸಿರು ದೀಪ ತೋರಿಸಿದರೆ ಸೀದಾ ಒಳಗೆ. ಎಲ್ಲ ಪ್ರಶ್ನೆ, ಎಲ್ಲ ಕಾಗದ, ಎಲ್ಲ ಕಾಯುವಿಕೆ ಇರುವುದು ಬರುವಾಗ.

ಯಾರಿಗೆ ಯಾವ ಕಾಗದ

ಅಮೆರಿಕದ ಪೌರರಿಗೆ ಪಾಸ್‌ಪೋರ್ಟ್ ಅಥವಾ ಪಾಸ್‌ಪೋರ್ಟ್ ಕಾರ್ಡ್ ಸಾಕು. ಗ್ರೀನ್ ಕಾರ್ಡ್ ಇದ್ದವರು ಕಾರ್ಡ್ ಜೊತೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಇಲ್ಲೇ ಹುಟ್ಟಿದ 16ರೊಳಗಿನ ಮಕ್ಕಳನ್ನು ರಸ್ತೆ ಗಡಿಯಲ್ಲಿ ಜನನ ಪ್ರಮಾಣಪತ್ರದ ಮೇಲೆ ಅಮೆರಿಕದವರು ಒಳಗೆ ಬಿಡುತ್ತಾರೆ. ಆದರೆ ಮೆಕ್ಸಿಕೊದವರು ಕೇಳುವುದು ಪಾಸ್‌ಪೋರ್ಟನ್ನೇ. ಹಾಗಾಗಿ ಮಗುವಿನ ಪಾಸ್‌ಪೋರ್ಟ್ ಮಾಡಿಸಿಕೊಂಡೇ ಹೊರಡಿ. ಅಪ್ಪ ಅಥವಾ ಅಮ್ಮ ಒಬ್ಬರೇ ಮಗುವನ್ನು ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರು ಸಹಿ ಹಾಕಿದ ಒಪ್ಪಿಗೆ ಪತ್ರ ಜೊತೆಗಿರಲಿ.

ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2, ಹೀಗೆ ಕೆಲಸ, ಕುಟುಂಬ, ಓದು, ಭೇಟಿಯ ವೀಸಾ ಮೇಲೆ ಇರುವವರು ಈ ಭಾಗವನ್ನು ನಿಧಾನವಾಗಿ ಓದಿ. ಅವಧಿ ಇರುವ, ಹಲವು ಸಲ ಪ್ರವೇಶಿಸಬಹುದಾದ ಅಮೆರಿಕದ ವೀಸಾ ಪಾಸ್‌ಪೋರ್ಟ್‌ನಲ್ಲಿ ಇದ್ದರೆ, ಭಾರತೀಯರಿಗೆ ಪ್ರವಾಸಕ್ಕೆ ಮೆಕ್ಸಿಕೊದ ಬೇರೆ ವೀಸಾ ಬೇಡ. ಗ್ರೀನ್ ಕಾರ್ಡ್ ಇದ್ದವರಿಗೂ ಅಷ್ಟೇ. ಇದು ದೊಡ್ಡ ಅನುಕೂಲ.

ತೊಡಕು ಇರುವುದು ವೀಸಾ ಮುದ್ರೆಯ ಅವಧಿ ಮುಗಿದು, ಐ-797 (ಅಮೆರಿಕದ ವಲಸೆ ಇಲಾಖೆಯ ಅನುಮೋದನೆ ಪತ್ರ) ಮೇಲೆ ಕೆಲಸ ಮುಂದುವರಿಸುತ್ತಿರುವವರಿಗೆ. ನಮ್ಮವರಲ್ಲಿ ಇಂಥವರೇ ಜಾಸ್ತಿ. ಅಮೆರಿಕದ ನಿಯಮದಲ್ಲಿ ಒಂದು ಸೌಲಭ್ಯ ಇದೆ: ಮೆಕ್ಸಿಕೊ ಅಥವಾ ಕೆನಡಾಗೆ ಮಾತ್ರ ಹೋಗಿ, 30 ದಿನದೊಳಗೆ ವಾಪಸ್ ಬಂದರೆ, ಅವಧಿ ಇರುವ ಐ-94 (ಎಲ್ಲಿಯವರೆಗೆ ಅಮೆರಿಕದಲ್ಲಿ ಇರಬಹುದು ಅಂತ ತೋರಿಸುವ ಪ್ರವೇಶ ದಾಖಲೆ) ಕೈಯಲ್ಲಿದ್ದರೆ, ಹಳೆಯ ವೀಸಾ ಮೇಲೇ ಒಳಗೆ ಬಿಡಬಹುದು. ಇದನ್ನು ಆಟೊಮ್ಯಾಟಿಕ್ ವೀಸಾ ರೀವ್ಯಾಲಿಡೇಶನ್ ಅನ್ನುತ್ತಾರೆ. ಇದನ್ನು ಓದಿ ‘ಹಾಗಾದರೆ ಸರಿ, ಹೊರಡೋಣ’ ಅಂತ ಎದ್ದುಬಿಡಬೇಡಿ. ಅದು ಅಮೆರಿಕದ ನಿಯಮ, ಮೆಕ್ಸಿಕೊದ್ದಲ್ಲ. ಮೆಕ್ಸಿಕೊದವರಿಗೆ ಬೇಕಾಗಿರುವುದು ಅವಧಿ ಇರುವ ವೀಸಾ. ಅದು ಇಲ್ಲದಿದ್ದರೆ ಮೊದಲು ಮೆಕ್ಸಿಕೊದ ಕಾನ್ಸುಲೇಟ್‌ನಲ್ಲಿ ಅವರ ವೀಸಾ ತೆಗೆದುಕೊಳ್ಳಬೇಕು. ಗಡಿಯಲ್ಲಿ ಯಾರೂ ಕೇಳಲಿಲ್ಲ ಅಂತ ಒಳಗೆ ಹೋಗಿಬಿಟ್ಟರೆ ನೀವು ಆ ದೇಶದಲ್ಲಿ ಪರವಾನಗಿ ಇಲ್ಲದೆ ಇದ್ದೀರಿ ಅಂತಲೇ ಲೆಕ್ಕ. ಒಂದು ಸಣ್ಣ ಅಪಘಾತ ಆಗಿ ಪೊಲೀಸರು ಪಾಸ್‌ಪೋರ್ಟ್ ಕೇಳಿದರೆ ಏನು ತೋರಿಸುತ್ತೀರಿ? ಇನ್ನೊಂದು ವಿಷಯ, ಹೋದ ಕಡೆ ಹೊಸ ಅಮೆರಿಕ ವೀಸಾಗೆ ಅರ್ಜಿ ಹಾಕಿದರೆ ಆ 30 ದಿನದ ಸೌಲಭ್ಯ ಸಿಗುವುದಿಲ್ಲ. ಒಂದು ಕಾಲಕ್ಕೆ ನಮ್ಮವರು ಗಡಿಯ ಆಚೆಗೇ ಇರುವ ಟಿಹುವಾನಾ ಊರಿಗೆ ಸ್ಟ್ಯಾಂಪಿಂಗ್‌ಗೆ, ಅಂದರೆ ಪಾಸ್‌ಪೋರ್ಟ್‌ನಲ್ಲಿ ಹೊಸ ವೀಸಾ ಹಾಕಿಸಿಕೊಳ್ಳಲು, ಅಂತ ಹೋಗುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಸ್ವಂತ ದೇಶದಲ್ಲೋ ವಾಸವಿರುವ ದೇಶದಲ್ಲೋ ಅರ್ಜಿ ಹಾಕಿ ಅಂತ ಹೇಳಿದ ಮೇಲೆ, ಆ ಹಳೆಯ ಸಲಹೆಗಳನ್ನು ನಂಬಿ ಹೊರಡಬೇಡಿ.

ಅರ್ಜಿ ಬಾಕಿ ಇರುವವರು ಇನ್ನೂ ಹುಷಾರಾಗಿರಬೇಕು. ಎಫ್-1ನಿಂದ ಎಚ್-1ಬಿಗೆ, ಎಚ್-4ನಿಂದ ಎಫ್-1ಗೆ, ಹೀಗೆ ಸ್ಟೇಟಸ್ ಬದಲಾವಣೆ ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಆ ಅರ್ಜಿಯನ್ನು ಕೈಬಿಟ್ಟಂತೆ. ಮೂರು ಗಂಟೆ ಹೋಗಿ ಬಂದರೂ ದೇಶ ಬಿಟ್ಟಂತೆಯೇ. ಗ್ರೀನ್ ಕಾರ್ಡ್‌ನ ಕೊನೆಯ ಹಂತ, ಅಂದರೆ ಐ-485 ಬಾಕಿ ಇದ್ದರೆ ಅಡ್ವಾನ್ಸ್ ಪರೋಲ್, ಅಂದರೆ ಹೋಗಿ ವಾಪಸ್ ಬರಲು ಮೊದಲೇ ಪಡೆಯುವ ಅನುಮತಿ ಬೇಕು. ಎಚ್ ಮತ್ತು ಎಲ್ ಸ್ಟೇಟಸ್ ಸರಿಯಾಗಿ ಉಳಿಸಿಕೊಂಡು, ಅವಧಿ ಇರುವ ವೀಸಾ ಇರುವವರಿಗೆ ಇದರಿಂದ ವಿನಾಯಿತಿ. ಈ ಗುಂಪಿನಲ್ಲಿ ನೀವಿದ್ದರೆ ಕಂಪನಿಯ ವಕೀಲರಿಗೆ ಒಂದು ಇಮೇಲ್ ಹಾಕಿ, ಉತ್ತರ ಬಂದ ಮೇಲೆ ಹೊರಡಿ. ಟ್ಯಾಕೊ ಎಲ್ಲಿಗೂ ಓಡಿಹೋಗುವುದಿಲ್ಲ.

ಓದುತ್ತಿರುವ ಮಕ್ಕಳು ಐ-20 (ಕಾಲೇಜು ಕೊಡುವ ವಿದ್ಯಾರ್ಥಿ ವೀಸಾದ ಪತ್ರ) ಮೇಲೆ ಕಾಲೇಜಿನವರ ಪ್ರಯಾಣದ ಸಹಿ ಇದೆಯಾ ನೋಡಿಕೊಳ್ಳಿ. ಓದುವಾಗ ಒಂದು ವರ್ಷದೊಳಗಿನ ಸಹಿ, ಒಪಿಟಿ (ಓದಿಗೆ ಸಂಬಂಧಿಸಿದ ತರಬೇತಿ ಕೆಲಸ) ಮೇಲಿದ್ದರೆ ಆರು ತಿಂಗಳೊಳಗಿನ ಸಹಿ ಇರಬೇಕು, ಜೊತೆಗೆ ಇಎಡಿ (ಕೆಲಸದ ಅನುಮತಿ) ಕಾರ್ಡ್ ಮತ್ತು ಕೆಲಸದ ಪತ್ರ. ಎಚ್-1ಬಿಯವರು ಐ-797ರ ಮೂಲ ಪ್ರತಿ, ಹೊಸ ಸಂಬಳದ ಚೀಟಿ ಒಂದೆರಡು ಇಟ್ಟುಕೊಂಡರೆ ಸಾಕು. ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿದ್ದರೆ ಎರಡೂ ಪಾಸ್‌ಪೋರ್ಟ್ ಒಯ್ಯಬೇಕು. ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನೂ ಬಿ-2 ವೀಸಾ ಮೇಲೆ ಕರೆದುಕೊಂಡು ಹೋಗಬಹುದು. ಹೋಗಿ ಬಂದರೆ ಅವರ ಆರು ತಿಂಗಳ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಹಳೆಯ ಐ-94 ದಿನಾಂಕವೇ ಮುಂದುವರಿಯುತ್ತದೆ.

ಎಲ್ಲದರ ಫೋಟೊ ತೆಗೆದು ಮನೆಯಲ್ಲಿರುವ ಒಬ್ಬರಿಗೆ ಕಳಿಸಿಡಿ. ಭಾರತದ ರಾಯಭಾರ ಕಚೇರಿ ಇರುವುದು ಮೆಕ್ಸಿಕೊ ಸಿಟಿಯಲ್ಲಿ, ಟಿಹುವಾನಾದಿಂದ ವಿಮಾನ ಹತ್ತಿ ಹೋಗಬೇಕಾದಷ್ಟು ದೂರ. ಪಾಸ್‌ಪೋರ್ಟ್ ಕಳೆದರೆ ಒಂದು ದಿನದ ಪ್ರವಾಸ ಒಂದು ದಿನಕ್ಕೆ ಮುಗಿಯುವುದಿಲ್ಲ. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಡಬೇಡಿ, ಮೈಮೇಲೆ ಇರಲಿ.

ಕಾರು, ವಿಮೆ

ನಿಮ್ಮ ಅಮೆರಿಕದ ಕಾರು ವಿಮೆಯನ್ನು ಮೆಕ್ಸಿಕೊದ ಕಾನೂನು ಒಪ್ಪುವುದಿಲ್ಲ. ಅಲ್ಲಿನ ಕಂಪನಿಯ ವಿಮೆಯೇ ಬೇಕು. ಆನ್‌ಲೈನ್‌ನಲ್ಲಿ ಒಂದೇ ದಿನದ ಪಾಲಿಸಿ ಸಿಗುತ್ತದೆ, ಹತ್ತು ನಿಮಿಷದ ಕೆಲಸ, ಪ್ರಿಂಟ್ ತೆಗೆದು ಕಾರಿನಲ್ಲಿಡಿ. ಕೊಳ್ಳುವಾಗ ಕಾನೂನು ನೆರವು ಮತ್ತು ಜಾಮೀನು ಖರ್ಚು ಸೇರಿದೆಯಾ ನೋಡಿ. ಅಲ್ಲಿ ಅಪಘಾತ ಆದರೆ ತಪ್ಪು ಯಾರದ್ದು, ನಷ್ಟ ಯಾರು ಕಟ್ಟುತ್ತಾರೆ ಅಂತ ತೀರ್ಮಾನ ಆಗುವವರೆಗೆ ಚಾಲಕರನ್ನು ಕೂರಿಸಿಕೊಳ್ಳುವ ಅಧಿಕಾರ ಪೊಲೀಸರಿಗೆ ಇದೆ. ಆಗ ನಿಮ್ಮ ಪರವಾಗಿ ಸ್ಪ್ಯಾನಿಷ್ ಮಾತಾಡುವ ವಕೀಲ ಒಬ್ಬ ಬಂದು ನಿಲ್ಲುವುದು ಎಷ್ಟು ಮುಖ್ಯ ಅಂತ ಯೋಚಿಸಿ. ನಾಲ್ಕು ಡಾಲರ್ ಉಳಿಸಲು ಹೋಗಿ ಅದನ್ನು ಬಿಡಬೇಡಿ.

ಕಾರು ಸಾಲದಲ್ಲೋ ಲೀಸ್‌ನಲ್ಲೋ ಇದ್ದರೆ ಒಪ್ಪಂದದಲ್ಲಿ ಮೆಕ್ಸಿಕೊಗೆ ಒಯ್ಯಬಹುದಾ ಅಂತ ನೋಡಿ, ಬೇಕಿದ್ದರೆ ಪತ್ರ ತೆಗೆದುಕೊಳ್ಳಿ. ಬಾಡಿಗೆ ಕಾರನ್ನು ಬಹಳ ಕಂಪನಿಗಳು ಗಡಿ ದಾಟಿಸಲು ಬಿಡುವುದಿಲ್ಲ. ಬಿಡುವವರ ಹತ್ತಿರ ಲಿಖಿತ ಒಪ್ಪಿಗೆ ಮತ್ತು ಅವರದೇ ವಿಮೆ ಬೇಕು. ನೋಂದಣಿ ಪತ್ರ ಮತ್ತು ಡ್ರೈವಿಂಗ್ ಲೈಸೆನ್ಸ್ ಎರಡೂ ಮೂಲ ಪ್ರತಿ ಇರಲಿ. ವಾಹನದ ತಾತ್ಕಾಲಿಕ ಆಮದು ಪರವಾನಗಿ ಅಂತ ಒಂದಿದೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಗಡಿ ಪಟ್ಟಿಗೂ ಟಿಹುವಾನಾ ಇರುವ ಇಡೀ ಬಾಹಾ ಪರ್ಯಾಯ ದ್ವೀಪಕ್ಕೂ ಅದು ಬೇಕಿಲ್ಲ.

ಹೊರಡುವ ಹಿಂದಿನ ರಾತ್ರಿ ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ, ಸೀಟಿನ ಕೆಳಗೂ ಕೈ ಹಾಕಿ ನೋಡಿ. ಬಂದೂಕು ಮಾತ್ರ ಅಲ್ಲ, ಒಂದೇ ಒಂದು ಗುಂಡು ಸಿಕ್ಕರೂ ಅಲ್ಲಿ ಜೈಲು ಆಗಬಹುದು. ಸ್ನೇಹಿತರ ಕಾರು ಎರವಲು ಪಡೆದು ಹೋಗುವವರು ಇದನ್ನು ಮರೆಯಬಾರದು. ಇ-ಸಿಗರೇಟನ್ನು ಮೆಕ್ಸಿಕೊ ಒಳಗೆ ಒಯ್ಯುವಂತಿಲ್ಲ. ಗಾಂಜಾ ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯಲ್ಲೇ ಸಿಗಬಹುದು, ಗಡಿ ದಾಟಿಸುವುದು ಎರಡೂ ಕಡೆ ಅಪರಾಧ. ನಮ್ಮವರಿಗೆ ಗೊತ್ತಿರದ ಒಂದು ಸಂಗತಿ ಹೇಳುತ್ತೇನೆ: ಸ್ಯೂಡೊಎಫೆಡ್ರಿನ್ ಇರುವ ಶೀತದ ಮಾತ್ರೆಗಳಿಗೆ ಮೆಕ್ಸಿಕೊದಲ್ಲಿ ನಿಷೇಧ ಇದೆ. ಪರ್ಸಿನ ಮೂಲೆಯಲ್ಲಿ ಅರ್ಧ ಸ್ಟ್ರಿಪ್ ಉಳಿದಿದ್ದರೆ ತೆಗೆದಿಡಿ. ಬಿಪಿ, ಶುಗರ್ ಮಾತ್ರೆಗಳನ್ನು ಅವುಗಳ ಡಬ್ಬಿಯಲ್ಲೇ, ವೈದ್ಯರ ಚೀಟಿ ಸಮೇತ ಒಯ್ಯಿರಿ.

ದಾಟುವ ದಿನ

ವಾರದ ಮಧ್ಯೆ ರಜೆ ಸಿಗುವುದಾದರೆ ಮಂಗಳವಾರ ಅಥವಾ ಬುಧವಾರ ಹೋಗಿ. ಶನಿವಾರವೇ ಆಗಬೇಕೆಂದರೆ ಬೆಳಿಗ್ಗೆ ಏಳಕ್ಕೆಲ್ಲ ಗಡಿ ಹತ್ತಿರ ಇರಿ. ಭಾನುವಾರ ಮತ್ತು ಲಾಂಗ್ ವೀಕೆಂಡಿನ ಕೊನೆಯ ದಿನ ಮಾತ್ರ ಬೇಡ, ವಾಪಸಾತಿಯ ಸಾಲು ಮೈಲಿಗಟ್ಟಲೆ ಬೆಳೆಯುತ್ತದೆ.

ಸ್ಯಾನ್ ಇಸಿಡ್ರೊ ಗಡಿ 24 ಗಂಟೆಯೂ ತೆರೆದಿರುತ್ತದೆ. ಐ-5 ಅಲ್ಲೇ ಕೊನೆಯಾಗುತ್ತದೆ, ಐ-805 ಕೂಡ ಅಲ್ಲಿಗೇ ಬಂದು ಸೇರುತ್ತದೆ. ಕ್ಯಾಮಿನೊ ಡಿ ಲಾ ಪ್ಲಾಜಾ ಅನ್ನುವ ಎಕ್ಸಿಟ್ ಅಮೆರಿಕದ ಕೊನೆಯದು, ಫಲಕದಲ್ಲೇ ಹಾಗಂತ ಬರೆದಿದೆ. ಅದನ್ನು ದಾಟಿದರೆ ಯೂ-ಟರ್ನ್ ಇಲ್ಲ. ಮನಸ್ಸು ಬದಲಾದರೆ ಅಲ್ಲಿಯೇ ಇಳಿಯಬೇಕು. ಡ್ರೈವಿಂಗ್ ಬೇಡ ಅನ್ನಿಸಿದರೂ ಅದೇ ಎಕ್ಸಿಟ್‌ನಲ್ಲಿ ಇಳಿದು, ದುಡ್ಡು ಕೊಟ್ಟು ಕಾರು ನಿಲ್ಲಿಸಿ ನಡೆದು ದಾಟಬಹುದು. ಸ್ಯಾನ್ ಡಿಯೇಗೊದ ಟ್ರಾಲಿ ರೈಲಿನ ಬ್ಲೂ ಲೈನ್ ಕೂಡ ಗಡಿಯ ಪಕ್ಕಕ್ಕೇ ಬರುತ್ತದೆ. ಟಿಹುವಾನಾ ಪೇಟೆ ಮಾತ್ರ ನೋಡುವ ಆಸೆ ಇದ್ದವರಿಗೆ ನಡೆದು ಹೋಗುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕಾರು ಬೇಕಾಗುವುದು ಇನ್ನೂ ದಕ್ಷಿಣಕ್ಕೆ, ಕಡಲ ದಂಡೆಯ ಊರುಗಳಾದ ರೊಸಾರಿಟೊ, ಎನ್ಸೆನಾಡ ಕಡೆ ಹೋಗುವವರಿಗೆ.

ಮೆಕ್ಸಿಕೊ ಕಡೆಯ ಗೇಟಿನ ಹೆಸರು ಎಲ್ ಚಾಪರಾಲ್. ಲೇನುಗಳ ಮೇಲೆ ಎರಡು ಬಗೆಯ ಫಲಕ ಇರುತ್ತವೆ. ‘ನಾದಾ ಕೆ ದೆಕ್ಲರಾರ್’ ಅಂದರೆ ಘೋಷಿಸಲು ಏನೂ ಇಲ್ಲದವರಿಗೆ, ‘ದೆಕ್ಲರಾಸಿಯೋನ್’ ಅಂದರೆ ಇರುವವರಿಗೆ. ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ, ದೀಪ ಹಸಿರಾದರೆ ಮುಂದೆ, ಕೆಂಪಾದರೆ ಪಕ್ಕಕ್ಕೆ ಕರೆದು ಡಿಕ್ಕಿ ನೋಡುತ್ತಾರೆ. ಕೆಂಪು ಬಂದರೆ ಗಾಬರಿ ಬೇಡ, ಅದು ಯಾರಿಗೆ ಬೇಕಾದರೂ ಬರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರು ಇಲ್ಲಿ ಹಸಿರು ದೀಪ ಬಂತು ಅಂತ ಸುಮ್ನೆ ಹೊರಟುಬಿಡಬೇಡಿ. ಘೋಷಣೆಯ ಲೇನಿಗೆ ಹೋಗಿ, ಅಲ್ಲಿನ ಸಿಬ್ಬಂದಿಗೆ ‘ಎಫೆಮೆಮೆ, ಪೋರ್ ಫಾವೊರ್’ ಅಂದರೆ ಕಾರು ಎಲ್ಲಿ ನಿಲ್ಲಿಸಬೇಕು ಅಂತ ತೋರಿಸುತ್ತಾರೆ. ಎಫ್‌ಎಮ್‌ಎಮ್ ಅಂದರೆ ಪ್ರವಾಸಿಗರ ಪ್ರವೇಶ ಚೀಟಿ. ಕಚೇರಿಯೊಳಗೆ ಹೋಗಿ ಫಾರಂ ತುಂಬಿ, ಪಾಸ್‌ಪೋರ್ಟ್‌ಗೆ ಮುದ್ರೆ ಹಾಕಿಸಿಕೊಂಡು ಬನ್ನಿ. ಎಷ್ಟು ದಿನ ಅಂತ ಕೇಳಿದರೆ ‘ಉನ್ ದಿಯಾ’ ಅನ್ನಿ, ಒಂದು ದಿನ. ಶುಲ್ಕ ಕೇಳಿದರೆ ಕೌಂಟರಿನಲ್ಲೇ ಕಟ್ಟಿ ರಸೀದಿ ಪಡೆಯಿರಿ. ಹದಿನೈದೋ ಇಪ್ಪತ್ತೋ ನಿಮಿಷ ಹೋಗಬಹುದು, ಆದರೆ ಆ ಮುದ್ರೆಯೇ ನಿಮಗೆ ಆ ದೇಶದಲ್ಲಿ ಇರಲು ಸಿಕ್ಕ ಅನುಮತಿ.

ಆ ಕಡೆ ಗಾಡಿ ಓಡಿಸುವುದು

ಗೇಟು ದಾಟಿದ ಕೂಡಲೇ ಲೇನುಗಳು ಬೇಗ ಬೇಗ ಕವಲೊಡೆಯುತ್ತವೆ. ಮ್ಯಾಪನ್ನು ಮೊದಲೇ ಆಫ್‌ಲೈನ್ ಇಳಿಸಿಟ್ಟುಕೊಳ್ಳಿ, ಪಕ್ಕದಲ್ಲಿ ಕೂತವರು ಜೋರಾಗಿ ಓದಿ ಹೇಳಲಿ. ಕಡಲ ಕಡೆಗೆ ಹೋಗುವವರು ‘ರೊಸಾರಿಟೊ–ಎನ್ಸೆನಾಡ, ಕ್ವೋಟಾ’ ಅನ್ನುವ ಫಲಕ ಹಿಡಿಯಬೇಕು. ಕ್ವೋಟಾ ಅಂದರೆ ಟೋಲ್ ರಸ್ತೆ, ಲಿಬ್ರೆ ಅಂದರೆ ಟೋಲ್ ಇಲ್ಲದ ರಸ್ತೆ. ಟೋಲ್ ರಸ್ತೆಯಲ್ಲೇ ಹೋಗಿ. ದಾರಿ ಗಡಿಯ ಬೇಲಿಯ ಪಕ್ಕದಲ್ಲೇ ಪಶ್ಚಿಮಕ್ಕೆ ಸಾಗಿ, ಪ್ಲಾಯಾಸ್ ಡಿ ಟಿಹುವಾನಾ ಅನ್ನುವ ಕಡಲ ತೀರದ ಬಡಾವಣೆ ಹತ್ತಿರ ಎಡಕ್ಕೆ ತಿರುಗಿ ಕಡಲ ದಂಡೆ ಹಿಡಿಯುತ್ತದೆ. ಎನ್ಸೆನಾಡವರೆಗೆ ಮೂರು ಟೋಲ್ ಗೇಟು: ಪ್ಲಾಯಾಸ್, ರೊಸಾರಿಟೊ, ಸ್ಯಾನ್ ಮಿಗೆಲ್. ಪೆಸೊ, ಡಾಲರ್ ಎರಡೂ ನಡೆಯುತ್ತವೆ, ಚಿಲ್ಲರೆ ನೋಟು ಇರಲಿ. ರಸೀದಿ ಎಸೆಯಬೇಡಿ. ಆ ರಸ್ತೆಯಲ್ಲಿ ಏನಾದರೂ ಆದರೆ ಟೋಲ್‌ನ ವಿಮೆಗೆ ಅದೇ ಆಧಾರ.

ಫಲಕಗಳಲ್ಲಿ ಇರುವುದು ಕಿಲೋಮೀಟರ್, ನಿಮ್ಮ ಕಾರಿನ ಮುಳ್ಳು ತೋರಿಸುವುದು ಮೈಲಿ. 80 ಅಂತ ಬರೆದಿದ್ದರೆ 50 ಮೈಲಿ, 110 ಇದ್ದರೆ 68 ಮೈಲಿ. ಕೆಂಪು ಎಂಟು ಮೂಲೆಯ ‘ಆಲ್ಟೊ’ ಫಲಕ ಅಂದರೆ ಪೂರ್ತಿ ನಿಲ್ಲಬೇಕು. ಊರೊಳಗೆ ‘ತೋಪೆ’ ಅಂತ ಹಂಪುಗಳು ಇರುತ್ತವೆ, ನಮ್ಮೂರಿನ ಹಂಪುಗಳ ಹಾಗೆ ಬಣ್ಣ ಬಳಿಯದೆ ದಿಢೀರ್ ಅಂತ ಎದುರಾಗುವವೂ ಉಂಟು. ಪೆಟ್ರೋಲು ಲೀಟರ್ ಲೆಕ್ಕ, ಹಾಕುವುದಕ್ಕೆ ಹುಡುಗರು ಇರುತ್ತಾರೆ. ಮೀಟರ್ ಸೊನ್ನೆಯಲ್ಲಿದೆಯಾ ನೋಡಿಕೊಂಡು ಕೊನೆಗೆ ಸ್ವಲ್ಪ ಟಿಪ್ಸ್ ಕೊಡಿ. ಒಂದು ದಿನಕ್ಕಾದರೆ ಸ್ಯಾನ್ ಡಿಯೇಗೊದಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹೋದರೆ ಈ ಗೋಜೇ ಇಲ್ಲ.

ಟ್ರಾಫಿಕ್ ಪೊಲೀಸ್ ನಿಲ್ಲಿಸಿದರೆ ಮರ್ಯಾದೆಯಿಂದ ಮಾತಾಡಿ. ತಪ್ಪು ಮಾಡಿದ್ದರೆ ‘ದಂಡದ ಚೀಟಿ ಬರೆದು ಕೊಡಿ, ಠಾಣೆಯಲ್ಲಿ ಕಟ್ಟುತ್ತೇವೆ’ ಅನ್ನಿ. ಅಲ್ಲೇ ಕೈಗೆ ದುಡ್ಡು ಕೊಡುವ ಅಭ್ಯಾಸ ಬೇಡ. ತುರ್ತಿಗೆ 911, ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 078ಕ್ಕೆ ಕರೆ ಮಾಡಿದರೆ ಹಸಿರು ಬಣ್ಣದ ನೆರವು ವಾಹನ ಬರುತ್ತದೆ. ಬಾಹಾ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಗ್ಯಾಂಗುಗಳ ಹಿಂಸೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕ ಸರ್ಕಾರದ ಪ್ರಯಾಣ ಸೂಚನೆಯನ್ನು ಹೊರಡುವ ದಿನವೇ ಓದಿ. ಹಗಲಿನಲ್ಲಿ, ಟೋಲ್ ರಸ್ತೆಯಲ್ಲಿ, ಜನ ಓಡಾಡುವ ಜಾಗಗಳಲ್ಲಿ ಇರಿ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಇರಬೇಡಿ.

ಎಲ್ಲಿಗೆ ಹೋಗುವುದು, ಏನು ತಿನ್ನುವುದು

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ಟಿಹುವಾನಾದ ಜೋನಾ ರಿಯೊ ಬಡಾವಣೆ, ಆಮೇಲೆ ಪ್ಲಾಯಾಸ್, ಅಷ್ಟೇ. ಜೋನಾ ರಿಯೊದಲ್ಲಿ ಸೆಕುಟ್ ಅನ್ನುವ ಸಾಂಸ್ಕೃತಿಕ ಕೇಂದ್ರ ಇದೆ. 1982ರಲ್ಲಿ ತೆರೆದದ್ದು, ದೊಡ್ಡ ಚೆಂಡಿನ ಆಕಾರದ ಕಟ್ಟಡ ಅದರ ಗುರುತು. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಎರಡೂ ಕ್ಯಾಲಿಫೋರ್ನಿಯಾಗಳ ಚರಿತ್ರೆ ಸಿಗುತ್ತದೆ.

ಅಲ್ಲಿಂದ ಹತ್ತಿರದಲ್ಲೇ ಮೆರ್ಕಾದೊ ಹಿದಾಲ್ಗೊ ಮಾರುಕಟ್ಟೆ. ನಮ್ಮ ಮನೆಗಳಿಂದ ಹೋದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಣ ಮೆಣಸಿನಕಾಯಿ ಮೂಟೆಗಟ್ಟಲೆ, ಕಪ್ಪು, ಕಂದು, ಕಡುಗೆಂಪು, ಒಂದೊಂದಕ್ಕೂ ಬೇರೆ ವಾಸನೆ. ಪಕ್ಕದಲ್ಲಿ ಪಿಲೊನ್ಸಿಯೊ, ಕಬ್ಬಿನ ಹಾಲು ಕಾಸಿ ಅಚ್ಚಿಗೆ ಹೊಯ್ದ ಬೆಲ್ಲವೇ, ಶಂಕುವಿನ ಆಕಾರದಲ್ಲಿ. ಹುಣಸೆಹಣ್ಣಿಗೆ ಸಕ್ಕರೆ, ಉಪ್ಪು, ಖಾರ ಹಚ್ಚಿದ ಉಂಡೆ. ಸೀಬೆಹಣ್ಣು, ಒಣಗಿಸಿದ ಕೆಂಪು ಹೂವಿನ ಶರಬತ್ತು, ಮೋಲೆ ಸಾರಿಗೆ ಅರೆದಿಟ್ಟ ಮಸಾಲೆಯ ಗುಡ್ಡೆಗಳು. ಅಂಗಡಿಯವರು ರುಚಿ ನೋಡಲು ಚೂರು ಕೊಡುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋದರೆ ಬೆಲ್ಲದ ಅಂಗಡಿ ಮುಂದೆ ಭಾಷೆಯೇ ಬೇಡ.

ಅವೆನೀದಾ ರೆವೊಲೂಸಿಯೋನ್ ಪ್ರವಾಸಿಗರ ಬೀದಿ. ಸೀಸರ್ ಸಲಾಡ್ ಹುಟ್ಟಿದ್ದು ಟಿಹುವಾನಾದಲ್ಲಿ, 1924ರಲ್ಲಿ ಸೀಸರ್ ಕಾರ್ಡೀನಿ ಅವರ ಹೋಟೆಲಿನಲ್ಲಿ ಅಂತ ಹೇಳುತ್ತಾರೆ. ಅದರಲ್ಲಿ ಮೊಟ್ಟೆ ಇರುತ್ತದೆ, ಸಣ್ಣ ಮೀನೂ ಇರಬಹುದು, ಸಸ್ಯಾಹಾರಿಗಳು ಕೇಳಿ ತಿನ್ನಿ.

ಸಸ್ಯಾಹಾರಿಗಳಿಗೆ ಇನ್ನಷ್ಟು ಹೇಳಬೇಕು. ಮಾಂಸ ಬೇಡ ಅಂದರೆ ಸಾಲದು. ಅರೆದ ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕಿರಬಹುದು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು, ಗೋಧಿ ಟೋರ್ಟಿಯಾದಲ್ಲೂ ಕೊಬ್ಬು ಇರಬಹುದು. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ’ ಅನ್ನಿ: ಮಾಂಸ, ಕೋಳಿ, ಮೀನು, ಕೊಬ್ಬು ಯಾವುದೂ ಬೇಡ. ಮುಸುಕಿನ ಜೋಳದ ಟೋರ್ಟಿಯಾ ಕೇಳಿ. ಕಳ್ಳಿ ಎಲೆಯ ನೊಪಾಲೆಸ್, ಮೆಣಸಿನಕಾಯಿ-ಚೀಸಿನ ರಾಹಾಸ್, ಚೀಸ್ ಕೆಸಾದಿಯಾ, ಖಾರ ಹಚ್ಚಿದ ಮುಸುಕಿನ ಜೋಳ, ಚುರ್ರೊ, ಇಷ್ಟಿದ್ದರೆ ಹೊಟ್ಟೆ ತುಂಬುತ್ತದೆ. ಮೀನು ತಿನ್ನುವವರು ಎನ್ಸೆನಾಡದ ಮೀನಿನ ಟ್ಯಾಕೊ ಬಿಡಬೇಡಿ.

ಪ್ಲಾಯಾಸ್‌ನಲ್ಲಿ ಗಡಿಯ ಬೇಲಿ ಮರಳು ದಾಟಿ ಸೀದಾ ಪೆಸಿಫಿಕ್ ಸಮುದ್ರದೊಳಕ್ಕೆ ಇಳಿಯುತ್ತದೆ. ಈ ಕಡೆಯ ಕಂಬಗಳ ಮೇಲೆಲ್ಲ ಚಿತ್ರ. 1971ರಲ್ಲಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಪ್ಯಾಟ್ ನಿಕ್ಸನ್ ಉದ್ಘಾಟಿಸಿದ ಫ್ರೆಂಡ್‌ಶಿಪ್ ಪಾರ್ಕ್ ಬೇಲಿಯ ಆ ಕಡೆ, ಅಮೆರಿಕದಲ್ಲಿ ಇದೆ. ವೀಸಾ, ಮುದ್ರೆ ಅಂತ ಇಷ್ಟೆಲ್ಲ ಓದಿದ ನಾವು ಸ್ವಲ್ಪ ಹೊತ್ತು ನಿಂತು ನೋಡಲೇಬೇಕಾದ ಜಾಗ ಅದು. ಎಷ್ಟೋ ಕುಟುಂಬಗಳು ಆ ಕಂಬಗಳ ಸಂದಿಯಲ್ಲೇ ಒಬ್ಬರನ್ನೊಬ್ಬರು ಮಾತಾಡಿಸಿವೆ.

ಎನ್ಸೆನಾಡ ಗಡಿಯಿಂದ ಸುಮಾರು ನೂರು ಕಿಲೋಮೀಟರ್. ದಾರಿ ಬಹಳ ಚೆನ್ನಾಗಿದೆ, ಬಲಕ್ಕೆ ಕಡಲು, ಎಡಕ್ಕೆ ಗುಡ್ಡ. 2013ರ ಡಿಸೆಂಬರ್‌ನಲ್ಲಿ 93ನೇ ಕಿಲೋಮೀಟರ್ ಹತ್ತಿರ ಈ ರಸ್ತೆ ಕುಸಿದು ಸುಮಾರು ಒಂದು ವರ್ಷ ಮುಚ್ಚಿತ್ತು, ಆದ್ದರಿಂದ ಜೋರು ಮಳೆ ದಿನ ಆ ಕಡೆ ಬೇಡ. ಬೆಳಿಗ್ಗೆ ಎಂಟರೊಳಗೆ ದಾಟಲು ಆಗದಿದ್ದರೆ ರೊಸಾರಿಟೊದಲ್ಲೇ ನಿಲ್ಲಿ.

ವಾಪಸ್

ಅಮೆರಿಕದ ಗಡಿ ಇಲಾಖೆಯ ಆ್ಯಪ್‌ನಲ್ಲಿ ಸ್ಯಾನ್ ಇಸಿಡ್ರೊ ಮತ್ತು ಅದರ ಪೂರ್ವಕ್ಕಿರುವ ಇನ್ನೊಂದು ಗಡಿ ಓಟೈ ಮೇಸಾ, ಎರಡರ ಕಾಯುವ ಸಮಯ ನೋಡಿ, ಯಾವುದು ಕಡಿಮೆಯೋ ಅಲ್ಲಿಗೆ ಹೋಗಿ. ಟೆಕಾಟೆ ಗಡಿಯೂ ಇದೆ, ಆದರೆ ಅದು ರಾತ್ರಿ ಮುಚ್ಚುತ್ತದೆ.

ಸಾಲು ಸೇರುವ ಮೊದಲೇ ಲೇನು ತೀರ್ಮಾನ ಆಗಿರಬೇಕು. ಗಡಿಗೆ ಎಷ್ಟೋ ದೂರ ಇರುವಾಗಲೇ ಲೇನುಗಳು ಬೇರೆಯಾಗುತ್ತವೆ, ಆಮೇಲೆ ಬದಲಿಸಲು ಆಗುವುದಿಲ್ಲ. ಸೆಂಟ್ರಿ ಅಂದರೆ ಮೊದಲೇ ಪರಿಶೀಲನೆ ಮುಗಿಸಿದ ಪ್ರಯಾಣಿಕರ ಯೋಜನೆ; ಆ ಲೇನು ಅದರ ಸದಸ್ಯರಿಗೆ ಮಾತ್ರ, ಕಾರೂ ನೋಂದಣಿ ಆಗಿರಬೇಕು. ತಪ್ಪಿ ಹೊಕ್ಕರೆ ದಂಡ. ರೆಡಿ ಲೇನು ಚಿಪ್ ಇರುವ ಕಾರ್ಡಿನವರಿಗೆ, ಅಂದರೆ ಗ್ರೀನ್ ಕಾರ್ಡ್, ಪಾಸ್‌ಪೋರ್ಟ್ ಕಾರ್ಡ್ ಇಂಥವು. ಕಾರಿನಲ್ಲಿ ಒಬ್ಬರು ವೀಸಾ ಮೇಲಿದ್ದರೂ ಸಾಮಾನ್ಯ ಲೇನಿಗೇ ಹೋಗಬೇಕು. ಅಪ್ಪ ಅಮ್ಮ ಜೊತೆಗಿದ್ದರೆ ಇದನ್ನು ಮರೆಯಬೇಡಿ.

ಎರಡು ಮೂರು ಗಂಟೆ ಕಾಯುವುದು ಇಲ್ಲಿ ಮಾಮೂಲು. ಸಾಲಿಗೆ ಸೇರುವ ಮೊದಲೇ ಎಲ್ಲರೂ ಶೌಚಾಲಯಕ್ಕೆ ಹೋಗಿ ಬನ್ನಿ. ನೀರು, ಮಕ್ಕಳಿಗೆ ತಿಂಡಿ ಇರಲಿ. ಕಾರುಗಳ ಮಧ್ಯೆ ಬಿಸಿ ಚುರ್ರೊ, ಕಂಬಳಿ, ಗೊಂಬೆ ಮಾರುವವರು ಕಿಟಕಿ ಹತ್ತಿರ ಬರುತ್ತಾರೆ. ಬೇಡವಾದರೆ ‘ನೊ, ಗ್ರಾಸಿಯಾಸ್’ ಸಾಕು.

ಹಣ್ಣು, ತರಕಾರಿ, ಗಿಡ, ಹಂದಿ ಮಾಂಸ, ಹಸಿ ಮೊಟ್ಟೆ ತರಬೇಡಿ. ಬೇರೆ ತಿನ್ನುವ ವಸ್ತು ಏನಿದ್ದರೂ ಕೇಳುವ ಮೊದಲೇ ಹೇಳಿ. ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ಮೊದಲ ಸಲಕ್ಕೇ ದಂಡ ಬೀಳಬಹುದು. ಮನೆಯಿಂದ ಒಯ್ದ ಕಿತ್ತಳೆ ಉಳಿದಿದ್ದರೂ ತಿಂದು ಮುಗಿಸಿ. ಅಲ್ಲಿನ ಔಷಧ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಮಾತ್ರೆ ಕೊಳ್ಳಬೇಡಿ. ಫೆಂಟನಿಲ್ ಬೆರೆತ ನಕಲಿ ಮಾತ್ರೆಗಳು ಸಿಕ್ಕಿರುವ ಬಗ್ಗೆ ಅಮೆರಿಕ ಸರ್ಕಾರವೇ ಎಚ್ಚರಿಸಿದೆ.

ಅಧಿಕಾರಿಯ ಮುಂದೆ ಬಂದಾಗ ಕಿಟಕಿಗಳನ್ನೆಲ್ಲ ಇಳಿಸಿ, ಪಾಸ್‌ಪೋರ್ಟುಗಳನ್ನು ವೀಸಾ ಪುಟ ತೆರೆದು ಕೊಡಿ. ಎಲ್ಲಿಗೆ ಹೋಗಿದ್ದಿರಿ, ಏನು ತಂದಿರಿ, ಎಲ್ಲಿ ಕೆಲಸ, ಇಷ್ಟೇ ಪ್ರಶ್ನೆ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಪಕ್ಕಕ್ಕೆ ಕಳಿಸಿದರೆ ಶಾಂತವಾಗಿ ಹೋಗಿ, ಐ-797, ಐ-20 ತೋರಿಸಿ.

ಮನೆಗೆ ಬಂದ ಮೇಲೆ, ಮಲಗುವ ಮೊದಲು, ಗಡಿ ಇಲಾಖೆಯ ವೆಬ್‌ಸೈಟಿನಲ್ಲಿ ಪ್ರತಿಯೊಬ್ಬರ ಐ-94 ತೆಗೆದು ನೋಡಿ. ಹೊಸದು ಕೊಟ್ಟಿದ್ದರೆ ಅದರ ಕೊನೆಯ ದಿನಾಂಕವನ್ನು ಪಾಸ್‌ಪೋರ್ಟ್ ಮತ್ತು ಐ-797ರ ದಿನಾಂಕದ ಜೊತೆ ಹೋಲಿಸಿ. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಐ-94 ಕೂಡ ಅಲ್ಲಿಗೇ ನಿಂತಿರುತ್ತದೆ. ವ್ಯತ್ಯಾಸ ಕಂಡರೆ ಮರುದಿನವೇ ವಕೀಲರಿಗೆ ತಿಳಿಸಿ, ಆ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.